ಬದನಗುಪ್ಪೆಗೆ ಅತ್ತಿ ಬಂದ ದಿನ

ಮಾನ್ಯ ಓದುಗರೇ,

ಗಂಡನೊಂದಿಗೆ ರಾಯಚೂರು ಸೀಮೆಯಿಂದ ಚಾಮರಾಜನಗರದ ಸಮೀಪದ ಬದನಗುಪ್ಪೆಗೆ ಬಂದು, ಹಾಸಿಗೆ ತಯಾರಿಸುವ ಕಾರ್ಖಾನೆಗೆ ಸೇರಿದ ಐದನೆಯ ದಿನ, ಮೇಲ್ವಿಚಾರಕಿ ಮಾದೇವಮ್ಮನವರು ಬಾಗಿಲಲ್ಲಿ ನಿಂತು ಕರೆದರು: “ಅತ್ತಿ ಬಂದದ, ಬಾ ಕಣಮ್ಮಿ.”

ನಮ್ಮ ಕಡೆ ಅತ್ತಿ ಎಂದರೆ ಗಂಡನ ತಾಯಿ. ನಾನು ದೂರದ ಕೆಲಸಕ್ಕೆ ಬಂದದ್ದು ಅವರಿಗೆ ಸಮ್ಮತವಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದೆನು. ಅಲ್ಲಿದ್ದುದು ಹತ್ತಿ ತುಂಬಿದ ಟ್ರ್ಯಾಕ್ಟರ್. ಇಲ್ಲಿಯವರ ಮಾತಿನಲ್ಲಿ ಹಕಾರ ಉದುರಿಹೋಗುವುದೆಂದು ನಾನು ಈ ಪ್ರಕಾರವಾಗಿ ತಿಳಿದುಕೊಂಡೆನೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇನೆ. ಅಲ್ಲಿಯವರೆಗೆ ಬಾಡಿಗೆ ಕೋಣೆಯ ಗೋಡೆಯಾಚೆ ಕೇಳಿಸುತ್ತಿದ್ದುದು ಕನ್ನಡವೇ ಹೌದೋ ಅಲ್ಲವೋ ಎಂಬ ಸಂಶಯದಲ್ಲಿ, ಗಂಡ ಮರಳುವವರೆಗೆ ಒಬ್ಬಳೇ ಕೂರುತ್ತಿದ್ದೆನು.

ಈ ಹಿಂದೆ ಕಾರ್ಖಾನೆಗೆ ಫೋಮ್ ಬಹುದೂರದಿಂದ ಲಾರಿಯಲ್ಲಿ ಬರುತ್ತಿತ್ತು. ಅದನ್ನು ಅಂಟಿಸುವ ಗೋಂದಿನ ವಾಸನೆಗೆ ಹೆಂಗಸರಿಗೆ ತಲೆನೋವು ಬರುತ್ತಿತ್ತಂತೆ. ಆದುದರಿಂದ ಸುತ್ತಲಿನ ಹತ್ತಿಯನ್ನೇ ತುಂಬಿ ನೋಡಲು ನಿರ್ಧರಿಸಿ, ಹಿಂಜುವ ಕೆಲಸಕ್ಕೆ ನಮ್ಮ ಆರು ಮಂದಿಯನ್ನು ಸೇರಿಸಿಕೊಂಡಿದ್ದರು. ಮೊದಲ ಹತ್ತಿ ಸರಿಬಾರದಿದ್ದಲ್ಲಿ ಫೋಮಿಗೇ ಮರಳುವುದಾಗಿಯೂ, ಆಗ ನಮಗೆ ಕೆಲಸವಿರುವುದಿಲ್ಲವೆಂದೂ ಮುಂಚಿತವಾಗಿ ತಿಳಿಸಿದ್ದರು.

ಆ ಮೊದಲ ಹತ್ತಿಯೊಳಗೆ ಕೈಯಿಟ್ಟ ಕೂಡಲೇ ನನಗೆ ತಂಪು ತಗುಲಿತು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಯಾರದೋ ಹಾಸಿಗೆ ಕೊಳೆಯುವುದು. ಇನ್ನೊಂದು ಹಿಡಿ ಹಿಸುಕಿ ನೋಡಿ ಮಾದೇವಮ್ಮನವರಿಗೆ ಹೇಳಿದೆನು.

“ಹಸಿ ಐತ್ರಿ ಅಕ್ಕಾರ. ಹಿಂಗ ತುಂಬಿದ್ರ ಬೂಷ್ಟ ಹಿಡಿತೈತಿ.”

ಅದನ್ನು ಗುಂಡ್ಲುಪೇಟೆಯಲ್ಲಿ ಬೀಜ ತೆಗೆಸಿ ತಂದಿದ್ದ ಭೀಮನಬೀಡಿನ ರೈತ ಬಸಪ್ಪನವರು ಸಿಟ್ಟಾಗಿ, ನಿಮ್ಮೂರಲ್ಲಿ ಹತ್ತಿ ಕಂಡಿದ್ದೀಯಾ ಎಂದು ಕೇಳಿದರು. ಹುಟ್ಟಿದಾಗಿನಿಂದ ಕಂಡದ್ದು ಅದೊಂದನ್ನೇ ಎಂದೆನು. ಮಾದೇವಮ್ಮನವರು ನಕ್ಕರು.

“ಅತ್ತಿ ಅನ್ನೋ ಮಾತು ತಿಳೀದಿದ್ರೂವೆ ಇವಳ್ಗ ಅತ್ತಿ ತಿಳೀತದ ಕಣಪ್ಪ. ಬುಡು, ಬಿಸುಲ್ಗ ಆಕನ.”

ಮೂರು ದಿನ ಬಸಪ್ಪನವರೂ ನಮ್ಮೊಡನೆ ಅಂಗಳದ ಬಿಸಿಲಿನಲ್ಲಿ ಹತ್ತಿ ಹರಡಿ ಮಗುಚಿದರು. ತಮ್ಮ ಮನೆಯಿಂದ ತಂದ ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವರೂ ಅವರೇ. ರೊಟ್ಟಿಗೆ ಒಗ್ಗಿದ ನನ್ನ ಹಲ್ಲು ಇನ್ನೂ ಒಪ್ಪಿಲ್ಲ. ಕೊಂಡ ಹಾಸ್ಟೆಲಿನವರಿಗೆ ಹಾಸಿಗೆಗಳು ಒಪ್ಪಿಗೆಯಾದವು, ಆರು ಮಂದಿಯ ಕೆಲಸವೂ ಉಳಿಯಿತು. ಕೂರಲು ಮಣೆ, ಧೂಳಿಗೆ ಮುಖವಸ್ತ್ರ, ಕತ್ತಲಾಗುವ ಮುನ್ನ ಮನೆ ಸೇರುವ ಅನುಕೂಲ ದೊರೆತಿರುವುದಕ್ಕೆ ಈ ಊರಿಗೆ ಕೃತಜ್ಞಳಾಗಿದ್ದೇನೆ.

ಕಳೆದ ಸಲ ರಾಯಚೂರು ಕಡೆಯ ನಮ್ಮೂರಿಗೆ ಹೋದಾಗ ನಮ್ಮ ಹೊಲದ ಹತ್ತಿ ಲಾರಿಯೇರುತ್ತಿತ್ತು. ಎಲ್ಲಿಗೆ ಹೋಗುವುದೆಂದು ಕೇಳಿದೆನು. ಯಾರಿಗೂ ಗೊತ್ತಿರಲಿಲ್ಲ. ಬಸಪ್ಪನವರ ಹತ್ತಿಯ ಮೇಲೆ ಚಾಮರಾಜನಗರದ ಯಾವ ಹಾಸ್ಟೆಲಿನ ಮಕ್ಕಳು ಮಲಗುತ್ತಾರೆಂದು ನಾನು ಬಲ್ಲೆನು. ಸ್ವಂತ ಹೊಲದ ಹತ್ತಿಯ ಬಗ್ಗೆ ತಮಗೆ ತಿಳಿಸಲು ನನ್ನಲ್ಲಿ ಯಾವುದೇ ಮಾಹಿತಿ ಇರುವುದಿಲ್ಲ.