ಒಂಬತ್ತು ಕುಳಿ ಮುಚ್ಚಿದ ಅಮೃತಬಾಯಿ

ಬೆಳಕು ಹರಿಯುವ ಹೊತ್ತು. ಅಮೃತಬಾಯಿ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ಮೇಲೆ ಬಿದ್ದ ಕುರಿಹಿಕ್ಕೆಯನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದಾಳೆ. ಆಟಕ್ಕೆ ಬರುವವರಿಗೆ ಸದ್ದಾಗದಂತೆ ಟಗರಿನ ಕೊರಳ ಗಂಟೆಗೆ ಹುಲ್ಲು ತುರುಕಿದ್ದಾಳೆ. ಒಂದು ಕುಳಿಯ ಸುತ್ತ ಮುಗಿಸಿ, ಅಂಗೈಯಿಂದ ನೆಲ ಸವರಿ ನೋಡಿ, ಮುಂದಿನ ಕುಳಿಗೆ ನಡೆಯುತ್ತಾಳೆ.

ಜಹೀರಾಬಾದಿನ ರೈಲುಹಳಿಯ ಆಚೆ, ಕೆರೆಯ ಮಗ್ಗುಲಿನ ಕೆಂಪು ದಿಬ್ಬದ ಮೇಲೆ ಸಾಹೇಬರು ಗಾಲ್ಫ್ ಆಡುತ್ತಾರೆ. ಕೋಲಿನಿಂದ ಸಣ್ಣ ಚೆಂಡು ಹೊಡೆದು ದೂರದ ಕುಳಿಗೆ ಬೀಳಿಸುವ ಆಟ. ಊರವರಿಗೆ ಇದು ಚೆಂಡಿನ ಮಡ್ಡಿ. ಹುಲ್ಲು ಕತ್ತರಿಸಲು ಇಲ್ಲಿ ಯಂತ್ರವಿಲ್ಲ, ಅಮೃತಬಾಯಿಯ ನಲವತ್ತೆರಡು ಕುರಿಗಳಿವೆ.

"ಆಡು ಬಿಟ್ರ ಬೇರ ಸೈತ ಕೀಳ್ತಾವ. ಕುರಿ ಹಂಗಲ್ರಿ, ಮ್ಯಾಲಿಂದಷ್ಟೇ ಕಡೀತಾವ" ಎನ್ನುತ್ತಾಳೆ.

ಮೊದಲು ಇದು ಅವಳ ಕುರಿಗಳ ಮೇವಿನ ನೆಲವೇ. ಗಂಡ ತೀರಿಕೊಂಡ ವರ್ಷ ಇದಕ್ಕೆ ಮುಳ್ಳುಬೇಲಿ ಬಿತ್ತು. ಮೇವಿಲ್ಲದೆ ಹನ್ನೊಂದು ಕುರಿ ಸತ್ತವು. ಮಳೆ ಬಿದ್ದು ಹುಲ್ಲು ಎದ್ದು ಚೆಂಡೇ ಕಾಣದಾದಾಗ, ಸಾಹೇಬರು ತಾವಾಗಿಯೇ ಅವಳಿಗೆ ಹೇಳಿ ಕಳಿಸಿದರು.

ಆಟವಿಲ್ಲದ ದಿನ ಕುಳಿಗಳಲ್ಲಿ ಗುರುತಿನ ಬಾವುಟದ ಕೋಲಿರುವುದಿಲ್ಲ. ಬಂದ ಮೊದಲ ದಿನವೇ ಅವಳು ಒಂಬತ್ತೂ ಕುಳಿ ಮುಚ್ಚಿಬಿಟ್ಟಳು.

"ಹೆಗ್ಗಣ ತೋಡ್ಯಾವ ಅಂದ್ಕೊಂಡೆರಿ. ಕುರಿ ಕಾಲ ಮುರೀತದಲ್ಲ! ಮಣ್ಣ ತುಂಬಿ ತುಳದು ಸಾಪ ಮಾಡಿದೆ."

ಗೇಟು ಕಾಯುವ ನರಸಿಂಹುಲು ಇಂದಿಗೂ ಕಾಡಿಸುತ್ತಾನೆ: "ಸಾಹೇಬ್ರು ಹೊಡದಿದ್ದೇ ಹೊಡದಿದ್ದು, ಅಕ್ಕಾ! ಚೆಂಡ ಬೀಳಾಕ ತೂತೇ ಇಲ್ಲ!"

ಹುಡುಕಿ ಸೋತ ಸಾಹೇಬರಿಗೆ ಒಂಬತ್ತೂ ಜಾಗವನ್ನು ಬರಿಗಾಲ ಹೆಬ್ಬೆರಳಿನಿಂದ ತೋರಿಸಿದವಳು ಅವಳೇ. ಅಂದಿನಿಂದ ಬಾವುಟ ನೆಡುವ ಕೆಲಸವೂ ಅವಳದೇ.

ಗೇಟಿನ ಮೇಲೆ ಉರ್ದುವಿನಲ್ಲಿ ಬರೆದ ಹಲಗೆಯೊಂದಿದೆ. ಶುಕ್ರವಾರ ಯಾರು ಬೇಕಾದರೂ ಒಳಗೆ ಬಂದು ನೋಡಬಹುದು ಎಂದು ಅದರಲ್ಲಿದೆಯಂತೆ. ನರಸಿಂಹುಲು ಓದಿ ಹೇಳಿದಾಗಿನಿಂದ ಅಮೃತಬಾಯಿ ಒಂದು ಯೋಚನೆ ಹಾಕಿಕೊಂಡಿದ್ದಾಳೆ. ಆರು ವರ್ಷದಿಂದ ಬೇಲಿಯ ಕಂಡಿಯಲ್ಲಿ ಕುರಿಗಳ ಹಿಂದೆ ಬಗ್ಗಿ ಬಂದವಳು, ಒಂದು ದಿನ ತನ್ನ ಹೆತ್ತ ತಾಯಿ ಭೂದೇವಿಯ ಕೈಹಿಡಿದು ಗೇಟಿನಿಂದ ಬರಬೇಕು.

"ಅವ್ವನ ಕಣ್ಣಾಗ ಪೊರಿ ಬಂದದ. ಮುಂದಿನ ಮಳಿಗಾಲಕ್ಕ ಕಾಣ್ತದೋ ಇಲ್ಲೋ. ಈಗ ಹಸರ ಗೊತ್ತಾಗ್ತದರಿ."

ಎಲ್ಲ ಗೊತ್ತುಮಾಡಿಯಾಗಿದೆ. ಝರಾಸಂಗದಿಂದ ಅವ್ವನನ್ನು ಕರೆತರುವ ಅಣ್ಣ ಬೀರಣ್ಣನ ಬಂಡಿ ಗುರುವಾರವೇ ಬರುತ್ತದೆ. ಮೂರನೇ ಕುಳಿಯ ಹತ್ತಿರ ನಿಂತರೆ ಕೆರೆಯ ಮೇಲೆ ಸೂರ್ಯ ಹುಟ್ಟುವುದು ಕಾಣುತ್ತದೆ. ಏಳನೆಯದರ ಬೇವಿನ ಕೆಳಗೆ ಕಂಬಳಿ ಹಾಸಿ ರೊಟ್ಟಿ, ಪುಂಡಿಪಲ್ಯ. ಬೀದರದ ರೈಲಿನ ಹೊಗೆ ನೋಡಿಕೊಂಡು ವಾಪಸು. ಕಂಬಳಿ ಒಗೆದು ಒಣಗಿಸಿದ್ದೂ ಆಗಿದೆ.

"ನಂದೇನೂ ಅಡ್ಡಿಲ್ಲಕ್ಕಾ, ಸಾಹೇಬ್ರಿಗಿ ಒಂದ್ ಮಾತ ಕೇಳು" ಎಂದಿದ್ದಾನೆ ನರಸಿಂಹುಲು.

ಇಂದು ಬುಧವಾರ. ಸಾಹೇಬರು ಬಂದು ಮೊದಲ ಚೆಂಡಿಗೆ ಕೋಲು ಹಿಡಿದಿದ್ದಾರೆ. ಅಮೃತಬಾಯಿ ಬುಟ್ಟಿ ಕೆಳಗಿಟ್ಟು, ಸೆರಗು ಸರಿಪಡಿಸಿಕೊಂಡು, ನೆಟ್ಟಗೆ ನಿಲ್ಲುತ್ತಾಳೆ.

"ಸಾಹೇಬ್ರ, ಶುಕ್ರವಾರ ನಮ್ಮವ್ವನ್ನ ಕರಕೊಂಡು ಬರ್ತೀನ್ರಿ. ದೊಡ್ಡ ಗೇಟ ತೆಗದಿಡಸ್ರಿ."

ಸಾಹೇಬರ ಕಣ್ಣು ಚೆಂಡಿನ ಮೇಲೆಯೇ ಇದೆ. ಅತ್ತ ನರಸಿಂಹುಲು ತಲೆ ಎತ್ತದೆ ದೊಡ್ಡ ಗೇಟಿನ ಬೀಗಕ್ಕೆ ಶುಕ್ರವಾರಕ್ಕೆಂದು ಆಗಲೇ ಎಣ್ಣೆ ಬಿಡುತ್ತಿದ್ದಾನೆ.