ವನಜಕ್ಕನ ಮೇಲಿನ ಕಲ್ಲಿನ ಕೇಸು

ಮಕ್ಕಳೇ, ಇವತ್ತು ಬೆಳಿಗ್ಗೆ ನೆನೆದ ಬಾಳೆನಾರಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ವನಜಕ್ಕ ತನ್ನ ಮಲ್ಲಿಗೆ ಮೊಗ್ಗನ್ನೂ ನಾರನ್ನೂ ನನ್ನ ಜಗಲಿಯಲ್ಲಿಟ್ಟು, "ನನ್ನದೂ ಕಟ್ಟಿಬಿಡು ಮಾರಾಯ್ತಿ, ನನಗೆ ಉಡುಪಿಯಲ್ಲಿ ಕೋರ್ಟು ಉಂಟು" ಎಂದಳು. ಪೊಲೀಸ್ ಜೀಪಿನ ಗಾಜು ಒಡೆದ ಕೇಸು. ಈ ಸಲ ಶಿಕ್ಷೆಯಾಗಬಹುದು ಎಂದು ವಕೀಲರು ಹೇಳಿದ್ದನ್ನು ಅವಳು ನಿನ್ನೆಯೇ ನನಗೆ ತಿಳಿಸಿದ್ದಳು.

ನಾನೆಂಥ ಪುಕ್ಕಲಿ ಎಂದು ನಿಮಗೆ ಗೊತ್ತುಂಟಲ್ಲ. ಕಂಡಕ್ಟರನಿಗೆ "ನಿಲ್ಲಿಸಿ" ಎನ್ನಲು ನಾಚಿ, ನಮ್ಮೂರು ಶಂಕರಪುರ ದಾಟಿ ಎಲ್ಲೋ ಇಳಿದು, ನಡೆದು ವಾಪಸು ಬಂದವಳು. ಅಂಥವಳು ಚಳವಳಿಗೆ ಹೋದದ್ದು ಬಾವಿಯಿಂದಾಗಿ. ಮಳೆನೀರು ಹರಿಯುವ ತೋಡಿನ ಆಚೆ ಮೀನಿನ ಹುಡಿ ಮಾಡುವ ಕಾರ್ಖಾನೆ ಬಂದ ಮೇಲೆ ನಮ್ಮ ಬಾವಿನೀರು ನಾರತೊಡಗಿತು. ಮೊದಲ ದಿನ ನಾವು ಹನ್ನೊಂದು ಹೆಂಗಸರು ಕಾರ್ಖಾನೆಯ ಗೇಟಿಗೆ ಹೋಗಿ ಕೇಳಿದ್ದು ಇಷ್ಟೇ: ಯಾರಾದರೂ ಅಧಿಕಾರಿ ಬಂದು ಈ ನೀರನ್ನು ಮೂಸಿ ನೋಡಲಿ. ಮೂಸಲು ಯಾರೂ ಬರಲಿಲ್ಲ. ಪೊಲೀಸರು ಬಂದರು, ವ್ಯಾನು ಹತ್ತಿಸಿದರು.

ಸುಮ್ಮನೆ ಕೂರಲು ಬಾರದವರು ನಾವು, ಹೂವನ್ನೂ ಒಟ್ಟಿಗೆ ತಂದಿದ್ದೆವು. ಬಿಸಿಲೇರಿ ಮೊಗ್ಗು ಅರಳಿದರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಠಾಣೆಯ ನೆಲದಲ್ಲೇ ಕುಳಿತು ಕಟ್ಟತೊಡಗಿದೆವು. ಬರೆಯುತ್ತಿದ್ದ ಪೊಲೀಸಿನವ ನಾರನ್ನು "ಹಗ್ಗ" ಎಂದು ಬರೆದುಕೊಂಡು, "ಯಾರನ್ನು ಕಟ್ಟಲಿಕ್ಕೆ ತಂದದ್ದು?" ಎಂದು ಗದರಿದ.

"ಹೂವನ್ನು ಸ್ವಾಮೀ," ಎಂದಳು ವನಜಕ್ಕ.

ಎದುರುತ್ತರ ಕೊಟ್ಟಳು ಎಂದು ಅವಳ ಹೆಸರನ್ನು ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆದಿಟ್ಟರು.

ಮರುದಿನ ಉಚ್ಚಿಲದ ಮೀನು ಮಾರುವವರೂ ಬ್ಯಾರಿ ಮುಸ್ಲಿಂ ಹೆಂಗಸರೂ ಬಂದರು. ಹನ್ನೊಂದು ಜನ ನೂರಾದೆವು. ಅವರನ್ನು ಕರೆದದ್ದು ನಾವಲ್ಲ, ಆ ವ್ಯಾನು. ನೀರು ಮೂಸಿ ಎಂದವರು ಕಾರ್ಖಾನೆ ಮುಚ್ಚಿ ಎಂದೆವು. ಗುಂಪು ಸೇರಬಾರದು ಎಂದು ಆದೇಶ ಹೊರಟಿತು. ಅದೆಂತ ಗುಂಪು ಎಂದು ನೋಡಲು ಬಂದವರೂ ಸೇರಿಕೊಂಡರು. ಧಿಕ್ಕಾರವನ್ನು ಗಂಟಲೊಳಗೇ ಹೇಳಿಕೊಳ್ಳುತ್ತಿದ್ದ ನನಗೆ, ಲಾಠಿ ಬೀಸಿದ ದಿನ ಸ್ವರ ತಾನಾಗಿ ಹೊರಟಿತು. ಆ ಲಾಠಿಯಷ್ಟು ಶ್ರದ್ಧೆಯಿಂದ ಕಲಿಸಿದ ಮೇಷ್ಟ್ರು ನಮ್ಮೂರ ಶಾಲೆಯಲ್ಲಿ ಇರಲಿಲ್ಲ.

ಅದೇ ದಿನ ನನ್ನ ಪಕ್ಕದಲ್ಲಿದ್ದ ಐಸಮ್ಮನ ಕೈಮೂಳೆ ಮುರಿಯಿತು. ಅವಳನ್ನು ಮಣಿಪಾಲದ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಒಂದು ಕಲ್ಲು ಹಾರಿ ಜೀಪಿನ ಗಾಜು ಪುಡಿಯಾಯಿತು. ಎದುರುತ್ತರದವಳ ಹೆಸರು ಪುಸ್ತಕದಲ್ಲಿ ಇತ್ತಲ್ಲ, ವನಜಕ್ಕನನ್ನೇ ಹಿಡಿದರು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ, "ನೀವು ಮನೆಗೆ ಹೋಗಿ ಅಮ್ಮ, ಪಾಪದವರು ನೀವು, ಇದೆಲ್ಲ ಯಾಕೆ?" ಎಂದರು.

ನಾನು ಹೋದೆ. ಆ ಕಲ್ಲಿನ ಮಣ್ಣು ನನ್ನ ಅಂಗೈಯಲ್ಲಿತ್ತು.

ವನಜಕ್ಕ ಅದನ್ನು ಕಂಡಿದ್ದಳು. "ಸುಮ್ಮನಿರು, ಜೈಲಿನಲ್ಲಿ ನೀನು ಹೆದರಿಯೇ ಸಾಯುತ್ತೀ" ಎಂದು ನಕ್ಕಳು. ನಾನು ವರ್ಷಗಟ್ಟಲೆ ವಿಧೇಯಳಾಗಿ ಸುಮ್ಮನಿದ್ದೆ. ಕಾರ್ಖಾನೆಯೂ ಸುಮ್ಮನೆ ನಡೆಯುತ್ತಾ ಉಂಟು.

ಇವತ್ತು ಅವಳು ಚಪ್ಪಲಿ ಮೆಟ್ಟುವಾಗ, "ಅಕ್ಕ, ನಾನೂ ಬರ್ತೇನೆ" ಎಂದೆ.

"ಎಂತಕ್ಕೆ? ಅಲ್ಲಿ ನಿನಗೆ ಬಾಯಿ ಬರ್ತದಾ?"

"ರಾತ್ರಿಯಿಡೀ ಅಭ್ಯಾಸ ಮಾಡಿದ್ದೇನೆ."

ಇದನ್ನು ಕೋರ್ಟಿನ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡಿ. ಈಗ ಅವಳ ಹೆಸರು ಕೂಗಿದರು. ನಾನು ಎದ್ದೆ.