ನನ್ನ ಮೊಳದ ಎಂಜಿನ್

ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ತಾಮ್ರದ ತಗಡು ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನ ವಯಸ್ಸಿನವರಿಗೆ ಗೊತ್ತಿರುತ್ತದೆ. ನಮ್ಮಪ್ಪ ದೇವನಹಳ್ಳಿಯಲ್ಲಿ ಹಂಡೆ, ಚೊಂಬು ಬಡಿಯುವವರು. ಊರಿನ ಮೇಲೆ ಹಾದುಹೋಗುತ್ತಿದ್ದ ಚಿಕ್ಕ ಹಳಿಯ ರೈಲಿನ ಹುಚ್ಚು ಅವರಿಗೆ. ಅಂಥದ್ದೇ ಪುಟ್ಟ ಎಂಜಿನ್ ಮಾಡಿ, ಬೆಂಕಿ ಹಾಕಿ, ಹಬೆಯಲ್ಲೇ ಓಡಿಸುತ್ತೇನೆಂದು ಹೊರಟರು. ಇದ್ದದ್ದು ಒಂದೇ ತಗಡು, ಅಜ್ಜಿಯ ಒಡೆದ ಹಂಡೆಯನ್ನು ಬಿಡಿಸಿ ಬಡಿದದ್ದು. ಅಳತೆ ತಪ್ಪಿದರೆ ಎಂಜಿನ್ನೂ ಇಲ್ಲ, ಹಂಡೆಯೂ ಇಲ್ಲ.

ಎಷ್ಟಕ್ಕೆ ಎಷ್ಟು ಇಳಿಸಬೇಕು ಎನ್ನುವುದೇ ಜಗಳ. ರೈಲಿನ ಒಂದು ಮೊಳಕ್ಕೆ ನಮ್ಮದರಲ್ಲಿ ಒಂದು ಬೆರಳಗಲ ಎಂದರು ಅಪ್ಪ. ಆ ರೈಲಿಗೇ ಇದ್ದಲು ಹಾಕುತ್ತಿದ್ದ ನನ್ನ ಸೋದರಮಾವ ನಕ್ಕರು.

"ಭಾವ, ರೈಲು ಚಿಕ್ಕದು ಮಾಡ್ಬೋದು. ನೀರು, ಬೆಂಕಿ ಚಿಕ್ಕದಾಗ್ತವಾ? ಅಷ್ಟು ಸಣ್ಣ ಹೊಟ್ಟೇಲಿ ಹಬೆ ನಿಲ್ಲಲ್ಲ. ಎರಡು ಬೆರಳು ಹಾಕು."

"ಎರಡಕ್ಕೆ ತಗಡು ನಿಮ್ಮಪ್ಪ ಕೊಡ್ತಾನೇನ್ಲಾ?"

ರೈಲು ನಿಂತಾಗ ಅದರ ಎಂಜಿನ್ನಿಗೆ ಮೊಳ ಹಾಕಿ ಅಳೆದು ಬಂದವಳು ನಾನು. ಒಂಬತ್ತು ವರ್ಷ. ಹೊಗೆ, ಕಾದ ಎಣ್ಣೆಯ ವಾಸನೆ, ಮೈಯೆಲ್ಲ ಮಸಿ. ನಾನು ಹೇಳಿದ ಲೆಕ್ಕದಂತೆ ಅಪ್ಪ ತಗಡಿನ ಮೇಲೆ ಗೀಟು ಹಾಕಿದರು. ಅಂಚಿಗೆ ಸರಿಯಾಗಿ ಹಿಡಿಯಿತು. ಕತ್ತರಿ ಎತ್ತುವಾಗ ಮಾವ ತಡೆದರು.

"ತಾಳು ಭಾವ. ಮೊಳಕ್ಕೊಂದು ಬೆರಳಾದ್ರೆ ಇಷ್ಟುದ್ದ ಬರಲ್ಲ. ಯಾರ ಮೊಳ ಇದು?"

ಅಪ್ಪ ನನ್ನ ಕೈ ಎಳೆದು ತಮ್ಮ ಕೈ ಪಕ್ಕ ಇಟ್ಟರು. ನನ್ನ ಮೊಳ ಅವರದರ ಮುಕ್ಕಾಲು ಪಾಲೂ ಇರಲಿಲ್ಲ. ಮೊಳ ಚಿಕ್ಕದಾದಷ್ಟೂ ಎಣಿಕೆ ಹೆಚ್ಚಾಗಿ, ಗೀಟೂ ಅಷ್ಟು ಉದ್ದವಾಗಿತ್ತು.

"ಥೂ! ಎಲ್ಲಾ ತಪ್ಪಾಯ್ತಲ್ಲಮ್ಮಿ."

"ಏನೂ ತಪ್ಪಿಲ್ಲ ಕಣಪ್ಪ. ಉದ್ದ, ಎತ್ತರ, ಹಳಿ ಸಂದು, ಎಲ್ಲಾ ಇದೇ ಕೈಯಲ್ಲಿ ಅಳ್ದಿದ್ದು. ದೊಡ್ಡದಾದ್ರೆ ಎಲ್ಲಾ ಒಂದೇ ಸಮ ದೊಡ್ಡದಾಗ್ತದೆ. ತಗಡು ಸಾಕಾಗೈತಲ್ಲ, ಕತ್ತರ್ಸು."

ಒಲೆಯ ಮುಂದಿನಿಂದ ಅಮ್ಮ, "ಕೇಳ್ಕೊಳಿ, ಎಂಜಿನೀರಮ್ಮ ಹೇಳ್ತಾವ್ಳೆ" ಎಂದರು.

ಅಪ್ಪ ತಗಡಿನ ಮುಂದೆ ಎರಡು ಸಲ ಕೂತರು, ಎದ್ದರು. ಆಮೇಲೆ ಆ ಗೀಟಿನ ಮೇಲೇ ಕತ್ತರಿ ಹಾಕಿದರು.

ಅವರೆಕಾಯಿ ಕಾಲಕ್ಕೆ ಎಂಜಿನ್ ಮುಗಿಯಿತು. ಹಿತ್ತಿಲಲ್ಲಿ ಕಬ್ಬಿಣದ ಪಟ್ಟಿ ಹಾಸಿ, ಹೊಟ್ಟೆಗೆ ಕೆಂಡ ತುಂಬಿದೆವು. ನೀರು ಕುದಿಯಿತು, ಹಬೆ ತುಂಬಿ ಒತ್ತಿತು, ಬಾವಿಯಿಂದ ಬಚ್ಚಲವರೆಗೆ ಒಂದೇ ಉಸಿರಿಗೆ ಓಡಿತು. ಅಮ್ಮ ಕಾಳು ಹಿದುಕುವುದು ಬಿಟ್ಟು ಬಂದು ನಿಂತರು. ಮಾವ ತಮ್ಮ ತಲೆಯ ಟೋಪಿ ತೆಗೆದು ನನ್ನ ತಲೆಗೆ ಇಟ್ಟರು.

ಅಪ್ಪ ಹೋದ ಮೇಲೆ ಆ ಎಂಜಿನ್ ಹಳೇ ಪಾತ್ರೆಗಳ ಜೊತೆ ಗುಜರಿಗೆ ಹೋಯಿತು. ಚಿಕ್ಕ ಹಳಿಯನ್ನೂ ಕಿತ್ತು ಅಗಲದ್ದು ಹಾಕಿದರು. ಅದಕ್ಕೆಲ್ಲ ನಾನು ಅಳಲಿಲ್ಲ. ಮದುವೆಯಾಯಿತು, ಮನೆ ಕಟ್ಟಿದೆವು, ಹೊಲ ಭಾಗವಾಯಿತು. ಎಲ್ಲವನ್ನೂ ಗಂಡಸರೇ ಅಳೆದರು, ನನ್ನನ್ನು ಕೇಳಲಿಲ್ಲ. ನಾನು ಹೇಳಿದ ಗೀಟಿನ ಮೇಲೆ ಕತ್ತರಿ ಹಾಕಿದವರು ಅಪ್ಪ ಒಬ್ಬರೇ.